ಮೂವತ್ತು ಬಂಡಲ್

ಇಪ್ಪತ್ತೊಂಬತ್ತನೆಯ ಬಂಡಲ್ಲಿಗೆ ತಂತಿ ಬಿಗಿಯುವಾಗ ಕೈ ಜಾರಿ, ಎರಡು ಸೆಂಟಿಮೀಟರಿನ ಆ ಚೌಕದ ಒಂದು ಮೂಲೆ ನಜ್ಜಾಯಿತು. ನಜ್ಜಾದದ್ದೇ ಚೆನ್ನಾಗಿ ಕಾಣಿಸಿತು. ನಿಜವಾದವೂ ಹೀಗೇ ಇದ್ದವು. ಊರಿನ ರದ್ದಿ ಕಾಗದವನ್ನೆಲ್ಲ ಯಂತ್ರದಲ್ಲಿ ಒತ್ತಿ, ನಾಲ್ಕೂ ಕಡೆ ತಂತಿ ಬಿಗಿದು, ಒಂದರ ಮೇಲೊಂದರಂತೆ ಲಾರಿಯೆತ್ತರಕ್ಕೆ ಪೇರಿಸಿದ ಬಂಡಲ್ಲುಗಳು. ಹೊಟ್ಟೆ ಉಬ್ಬಿ, ಮೂಲೆ ನಜ್ಜಿ, ಯಾರದೋ ಪರೀಕ್ಷೆಯ ಉತ್ತರಪತ್ರಿಕೆ, ಯಾರದೋ ಮದುವೆಯ ಕರೆಯೋಲೆ ಸಂದಿಯಿಂದ ನಾಲಗೆ ಚಾಚಿಕೊಂಡು. ಅವನು ಬ್ರಷ್ಷಿನ ಬಣ್ಣವನ್ನು ಬಟ್ಟೆಗೆ ಒರೆಸಿ ಒರೆಸಿ, ಇನ್ನೇನೂ ಉಳಿದಿಲ್ಲ ಅನ್ನುವಷ್ಟಾದಾಗ ಅದನ್ನು ಬಂಡಲ್ಲಿನ ಅಂಚುಗಳ ಮೇಲೆ ಆಡಿಸಿದ. ಧೂಳು ಬಂತು. ಧೂಳು ಬರಿಸುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಹೊಚ್ಚ ಹೊಸ ವಸ್ತುವಿಗೆ ಇಪ್ಪತ್ತು ವರ್ಷದ ತುಕ್ಕು, ಎಣ್ಣೆಯ ಜಿಡ್ಡು, ಬಿಸಿಲಿಗೆ ಬಿಳಿಚಿದ ಬಣ್ಣ ಎಲ್ಲವನ್ನೂ ಒಂದು ಬೆಳಗಿನಲ್ಲಿ ತಂದುಬಿಡುತ್ತಿದ್ದ. "ಇದೇನು ಬೆಳಗಾಗೆದ್ದು ಕಸ ತಯಾರು ಮಾಡ್ತಾ ಕೂತಿದೀರಿ?" ಎಂದು ಹೆಂಡತಿ ಬಾಗಿಲಲ್ಲಿ ನಿಂತು ಕೇಳಿದಳು. ಕೇಳಿದ್ದು ತಮಾಷೆಗೇ. ಆದರೆ ಅವನು ತಿರುಗಿ ನೋಡಲಿಲ್ಲ. ಅವಳು ಮೇಜಿನ ಬಹುಪಾಲನ್ನು ಆಕ್ರಮಿಸಿದ್ದ ಹಲಗೆಯನ್ನು ನೋಡಿದಳು. "ಇದನ್ನ ಎಲ್ಲಿಡ್ತೀರಿ ಅಂತ ಎಂಟು ದಿನದಿಂದ ಕೇಳ್ತಿದೀನಿ. ಈ ಮನೇಲಿ ಮನುಷ್ಯರು ಓಡಾಡೋಕೆ ಜಾಗ ಇಲ್ಲ. ನನ್ನನ್ನೂ ಐವತ್ತರಲ್ಲಿ ಒಂದು ಪಾಲು ಮಾಡಿ ಯಾವುದಾದರೂ ಮೂಲೇಲಿ ನಿಲ್ಲಿಸಿಬಿಡಿ, ನಿಮಗೂ ಅನುಕೂಲ." ಅವನು "ಇವತ್ತು ತಗೊಂಡು ಹೋಗ್ತೀನಿ" ಎಂದ. ಎಲ್ಲಿಗೆ ಎಂದು ಅವಳು ಕೇಳಲಿ ಎಂದು ಕಾದ. ಅವಳು ಆಗಲೇ ಒಳಗೆ ಹೋಗಿದ್ದಳು.

ಎಂಟು ದಿನದ ಹಿಂದೆ ಕಾರ್ಖಾನೆಯ ವ್ಯಾನು ಮನೆ ಮುಂದೆ ನಿಂತು, ಕಾವಲಿನವನು ಇದನ್ನು ಇಳಿಸಿಹೋಗಿದ್ದ. ಹೊಸ ಮಾಲೀಕರು ಆಫೀಸು ಖಾಲಿ ಮಾಡಿಸುತ್ತಿದ್ದಾರಂತೆ. "ನಿಮ್ಮ ಗೊಂಬೆಮನೆ ಸಾರ್. ಎಸೆಯೋಕೆ ಮನಸ್ಸು ಬರಲಿಲ್ಲ" ಎಂದಿದ್ದ. ನಕ್ಷೆಯ ವಿಭಾಗದಲ್ಲಿ ಇಪ್ಪತ್ತಾರು ವರ್ಷ ಕೂತು ನಿವೃತ್ತನಾದವನಿಗೆ ಕಾರ್ಖಾನೆ ಕೊನೆಗೂ ಏನೋ ಕೊಟ್ಟು ಕಳಿಸಿತ್ತು. ಬಟ್ಟೆ ಸರಿಸಿದರೆ ಅವನೇ ಮಾಡಿದ್ದ ಕಾರ್ಖಾನೆಯ ಅಂಗಳ: ಗೋದಾಮಿನ ತಗಡಿನ ಬಾಗಿಲು, ತೂಕದ ಕಟ್ಟೆ, ಸೋರುವ ನಲ್ಲಿ, ನಲ್ಲಿಯ ಕೆಳಗೆ ವಾರ್ನಿಷ್ಷಿನಿಂದ ಮಾಡಿದ ಅಂಗೈ ಗೆರೆಯಷ್ಟು ನೀರು, ಹಿಂದೆ ಹಿಂದೆ ಬರುತ್ತಿರುವ ಹಸಿರು ಲಾರಿ. ಮೇಲಿನ ಗಾಜಿನ ಪೆಟ್ಟಿಗೆ ಇರಲಿಲ್ಲ, ಯಾರೋ ಗೋದಾಮಿನ ಚಾವಣಿಯ ಮೇಲೆ ಟೀ ಲೋಟ ಇಟ್ಟಿದ್ದರು, ದುಂಡನೆಯ ಕಲೆ ಕೂತಿತ್ತು. ಅದನ್ನು ಬಿಟ್ಟರೆ ಎಲ್ಲ ಹಾಗೇ ಇತ್ತು. ಹದಿನಾಲ್ಕು ವರ್ಷದ ಹಿಂದೆ ಹೇಗೆ ಬರಿದಾಗಿತ್ತೋ ಹಾಗೇ ಬರಿದಾಗಿತ್ತು ಗೋದಾಮಿನ ಬಲಬದಿ. ಸಿಮೆಂಟಿನ ಮೇಲೆ ಎರಡು ಚಕ್ರದ ಗುರುತು, ಒಂದು ಬಿರುಕು, ಬಿರುಕಿನಲ್ಲಿ ಹುಲ್ಲಿನ ಎಳೆ. ಆ ಹುಲ್ಲಿನ ಎಳೆಗಾಗಿ ಅವನು ಒಂದು ಮಧ್ಯಾಹ್ನವಿಡೀ ಕಳೆದಿದ್ದ.

ಕಾರ್ಖಾನೆಯಲ್ಲಿ ಅವನನ್ನು ಗೊಂಬೆ ಸಾಹೇಬ ಎನ್ನುತ್ತಿದ್ದರು. ಹಿಂದಿನಿಂದ ಅನ್ನುವ ಸೌಜನ್ಯವನ್ನೂ ಯಾರೂ ತೋರಿಸುತ್ತಿರಲಿಲ್ಲ. ನಲವತ್ತು ದಾಟಿದ ಗಂಡಸು ಭೂತಕನ್ನಡಿ ಹಿಡಿದು ಬೆರಳಿನಷ್ಟು ಮನುಷ್ಯನ ಅಂಗಿಗೆ ಗುಂಡಿ ಬರೆಯುತ್ತಾನೆ ಎಂದರೆ ನಗದೆ ಇರುವವರು ಯಾರು? ಭಾವಮೈದುನನಂತೂ ಮನೆಗೆ ಬಂದಾಗಲೆಲ್ಲ "ಏನ್ ಭಾವ, ನಿಮ್ಮ ಮಕ್ಕಳೆಲ್ಲ ಚೆನ್ನಾಗಿದಾರಾ?" ಎಂದು ಕಪಾಟಿನ ಕಡೆ ಕಣ್ಣು ಮಿಟುಕಿಸುತ್ತಿದ್ದ, ಮಕ್ಕಳಿಲ್ಲದ ಹೆಂಡತಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ಹಾಗಿರುವಾಗ ಮ್ಯಾನೇಜರ್ ತಾವಾಗಿ ಕರೆಸಿ, ಎದುರಿನ ಕುರ್ಚಿ ತೋರಿಸಿ, "ನಿಮ್ಮ ಕಲೆಯಿಂದ ಕಂಪನಿಗೆ ಒಂದು ಉಪಕಾರ ಆಗ್ಬೇಕು" ಎಂದಿದ್ದರು. ಕಲೆ! ಆ ಶಬ್ದ ಕೇಳಿ ಅವನು ಕುರ್ಚಿಯ ಅಂಚಿನಲ್ಲೇ ಕೂತು ಕಿವಿಯವರೆಗೆ ಕೆಂಪಾಗಿದ್ದ. ಮೂರು ದಿನದ ಹಿಂದೆ ಅಂಗಳದಲ್ಲಿ ಲಾರಿ ಹಿಂದಕ್ಕೆ ಬರುವಾಗ ಕಾಗದ ಆರಿಸುವ ಹೆಂಗಸೊಬ್ಬಳು ಚಕ್ರಕ್ಕೆ ಸಿಕ್ಕಿ ಸತ್ತಿದ್ದಳು. ಎಲ್ಲರೂ ಅವಳನ್ನು ಕಾಗದದಕ್ಕ ಎಂದೇ ಕರೆಯುತ್ತಿದ್ದರು. ವಿಚಾರಣೆಗೆ ಅಧಿಕಾರಿ ಬರುತ್ತಾರೆ. ನಕ್ಷೆ ತೋರಿಸಿದರೆ ಅವರಿಗೆ ಅರ್ಥವಾಗುವುದಿಲ್ಲ. ಮಾದರಿ ಇದ್ದರೆ ಎಲ್ಲ ಕಣ್ಣಿಗೆ ಕಟ್ಟಿದಂತಿರುತ್ತದೆ. ಅವನು ಟೇಪು ಹಿಡಿದು ಅಂಗಳಕ್ಕೆ ಇಳಿದಾಗ ಸಿಮೆಂಟನ್ನು ತೊಳೆದಿದ್ದರು. ಹಳದಿ ಗೆರೆ ದಾಟಿ, ಇಡಬಾರದ ಜಾಗದಲ್ಲಿ, ಮೂವತ್ತು ಬಂಡಲ್ ಹಾಗೇ ನಿಂತಿದ್ದವು: ಉದ್ದಕ್ಕೆ ಐದು, ಅಗಲಕ್ಕೆ ಎರಡು, ಎತ್ತರಕ್ಕೆ ಮೂರು. ಅವುಗಳ ಮರೆಯಲ್ಲಿ ಕೂತು ಅವಳು ಕಾಗದ ಆರಿಸುತ್ತಿದ್ದದ್ದು. ಅವನು ಅಳೆದ. ಪುಸ್ತಕದಲ್ಲಿ ಬರೆದುಕೊಂಡ. ಮಾರನೆಯ ದಿನ ಹೋದಾಗ ಅವು ಇರಲಿಲ್ಲ. ಯಾರೋ ಗೋದಾಮಿನೊಳಗೆ ಸಾಗಿಸಿದ್ದರು.

ಆದರೂ ಅವನು ಬಂಡಲ್ಲುಗಳಿಗೆ ಮರದ ತುಂಡುಗಳನ್ನು ಕತ್ತರಿಸಿದ್ದ. ಅದನ್ನು ಅವನು ತನಗೆ ತಾನೇ ಎಷ್ಟು ಸಲ ಹೇಳಿಕೊಂಡಿದ್ದಾನೋ. ಕತ್ತರಿಸಿದ್ದೆ, ಬಣ್ಣವನ್ನೂ ಬಳಿದಿದ್ದೆ. ಮ್ಯಾನೇಜರ್ ನಕ್ಷೆಯ ಕೋಣೆಗೆ ಬಂದು, ಕೈ ಹಿಂದೆ ಕಟ್ಟಿಕೊಂಡು ಹಲಗೆಯ ಸುತ್ತ ಒಂದು ಸುತ್ತು ಹಾಕಿ, "ಇದೇನ್ರೀ?" ಎಂದರು.

"ಬಂಡಲ್ ಸಾರ್. ಅವತ್ತು ಇದ್ವು."

"ಇವತ್ತಿವೆಯಾ?"

"ಇಲ್ಲ ಸಾರ್."

"ಬರ್ತವೆ, ಹೋಗ್ತವೆ. ಶಾಶ್ವತವಾಗಿರೋದನ್ನ ಮಾತ್ರ ತೋರಿಸಿ. ನೀವು ಮನೆಗೆ ನಕ್ಷೆ ಬರೀವಾಗ ಅಂಗಳದಲ್ಲಿ ಒಣಗೋ ಬಟ್ಟೆ ಬರೀತೀರಾ?" ಅವನು ನಕ್ಕ. ಈಗಲೂ ಕಿವಿಯಲ್ಲಿ ಕೂತಿರುವುದು ಆ ನಗು. ಕೆಳಗಿನವನು ಮೇಲಿನವನ ಹಾಸ್ಯಕ್ಕೆ ಅಳತೆ ಮಾಡಿ ಕೊಡುವ ನಗು. "ಇಲ್ಲ ಸಾರ್" ಎಂದ. ಇಷ್ಟು ಮಾತ್ರವಾಗಿದ್ದರೆ ಭಯ ಎನ್ನಬಹುದಿತ್ತು, ಹೊಟ್ಟೆಪಾಡು ಎನ್ನಬಹುದಿತ್ತು, ಹದಿನಾಲ್ಕು ವರ್ಷದಲ್ಲಿ ಮನುಷ್ಯ ತನ್ನನ್ನು ಅಷ್ಟಕ್ಕೆ ಕ್ಷಮಿಸಿಕೊಳ್ಳುತ್ತಾನೆ. ಆದರೆ ಮ್ಯಾನೇಜರ್ ಹೋದ ಮೇಲೆ ಮರದ ತುಂಡುಗಳನ್ನು ಎತ್ತಿ ಪಕ್ಕಕ್ಕಿಟ್ಟಾಗ ಅವನ ಮನಸ್ಸಿಗೆ ಹಾಯೆನಿಸಿತ್ತು. ಆ ತುಂಡುಗಳು ಚೆನ್ನಾಗಿ ಬಂದಿರಲಿಲ್ಲ. ಬಣ್ಣ ದಪ್ಪವಾಗಿ ಕೂತು ಪೆಟ್ಟಿಗೆಗಳ ಹಾಗೆ ಕಾಣುತ್ತಿದ್ದವು, ಕಾಗದದ ಹಾಗೆ ಅಲ್ಲ. ಅವು ಹೋದಮೇಲೆ ಅಂಗಳ ಉಸಿರಾಡಿತು. ಆ ಖಾಲಿ ಜಾಗದ ಮೇಲೆ ಅವನು ಚಕ್ರದ ಗುರುತು ಎಳೆದ, ಬಿರುಕು ಎಳೆದ, ಹುಲ್ಲು ನೆಟ್ಟ, ದೂರ ನಿಂತು ನೋಡಿದ, ಇಂಥದ್ದನ್ನು ಈ ಕೈ ಮೊದಲು ಮಾಡಿರಲಿಲ್ಲ. ಆ ಲಾರಿಯ ಡ್ರೈವರನ ಅನ್ನ ಹೋದದ್ದು ಅಂದಕ್ಕಾಗಿ. ಇದನ್ನು ಯಾರ ಹತ್ತಿರ ಹೇಳುವುದು? ಹೇಳಿದರೆ ಯಾರಿಗೆ ಅರ್ಥವಾಗುತ್ತದೆ?

ಮೂವತ್ತನೆಯದು ಒಣಗುತ್ತಿತ್ತು. ಅವನು ಹಲಗೆಯನ್ನು ಹಳೆಯ ಹೊದಿಕೆಯಲ್ಲಿ ಸುತ್ತಿ, ಬಂಡಲ್ಲುಗಳನ್ನು ಅಂಟಿಸದೆ ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ಹತ್ತಿ ಹಾಸಿ ಜೋಡಿಸಿದ. ಯಾಕೆ ಅಂಟಿಸಲಿಲ್ಲವೋ ಅವನಿಗೂ ಗೊತ್ತಿರಲಿಲ್ಲ. ಆ ಡ್ರೈವರನೆದುರೇ ಇಡಬೇಕು ಅನ್ನಿಸಿರಬೇಕು. "ಪ್ರದರ್ಶನನಾ?" ಎಂದಳು ಹೆಂಡತಿ, ಚಪ್ಪಲಿ ಹಾಕಿಕೊಳ್ಳುವಾಗ. ಅವನು ಮೊದಲ ಸಲ ಹೇಳಿದ, ಒಂದೇ ಉಸಿರಿನಲ್ಲಿ, ಗೋಡೆಯ ಕಡೆ ನೋಡಿಕೊಂಡು. ಅವಳು ಪೂರ್ತಿ ಕೇಳಿಸಿಕೊಂಡಳು. "ಅಂದ್ರೆ ಬಂಡಲ್ ಬಿಟ್ರಿ" ಎಂದಳು. ಸುಳ್ಳು ಹೇಳುವವರಿಗೆ ಎಲ್ಲರೂ ಅನ್ನುವ ಮಾತೇ ಅದು. ತನ್ನ ಬಾಯಲ್ಲಿ ಬಂದ ಮೇಲೆಯೇ ಅದರ ಎರಡರ್ಥ ಅವಳಿಗೂ ಹೊಳೆದು, ನಗಲೂ ಆಗದೆ ಹೊದಿಕೆಯ ತುದಿಯನ್ನು ಬಿಗಿಯಾಗಿ ಕಟ್ಟಿಕೊಟ್ಟಳು. "ಆಗಲೇ ನಂಗೆ ಹೇಳ್ಬಹುದಿತ್ತು."

"ಹೇಳಿದ್ರೆ ಏನ್ ಮಾಡ್ತಿದ್ದೆ?"

"ನಿಮ್ಮನ್ನ ಎಬ್ಬಿಸಿ ಕಳಿಸ್ತಿದ್ದೆ" ಎಂದಳು ಅವಳು. "ಈಗ ಹೋಗ್ತಿರೋ ಹಾಗೆ."

ಬಸ್ಸಿನಲ್ಲಿ ಹಲಗೆಯನ್ನು ಮಡಿಲ ಮೇಲೆ ಅಡ್ಡ ಇಟ್ಟುಕೊಂಡದ್ದರಿಂದ ಪಕ್ಕದವರು ಮೈ ಹಿಡಿ ಮಾಡಿ ಕೂರಬೇಕಾಯಿತು. ಕಂಡಕ್ಟರ್ "ಏನ್ ಯಜಮಾನ್ರೇ, ಟೀವಿನಾ? ಅದಕ್ಕೂ ಟಿಕೆಟ್ ಆಗುತ್ತೆ" ಎಂದ. ಅವನು "ಅಂಗಳ" ಎಂದುಬಿಟ್ಟ. ಕಂಡಕ್ಟರ್ ಅವನ ಮುಖವನ್ನು ಒಮ್ಮೆ ನೋಡಿ, ಟಿಕೆಟ್ ಹರಿದು, ಮುಂದೆ ಹೋದ. ವಿಚಾರಣೆಯ ದಿನವೂ ಇದೇ ಹಲಗೆಯನ್ನು ನಾಲ್ಕು ಜನ ಹೊತ್ತು ತಂದಿದ್ದರು, ಹೂವಿನ ಕುಂಡದ ಹಾಗೆ ಜೋಪಾನವಾಗಿ. ಅಧಿಕಾರಿ ಕನ್ನಡಕ ತೆಗೆದು ಬಾಗಿ ನೋಡಿ "ಅಬ್ಬಾ" ಎಂದಿದ್ದರು. ಒಂದು ಬಿಳಿ ದಾರ ತರಿಸಿದರು. ಪುಟಾಣಿ ಲಾರಿಯ ಪಕ್ಕದ ಕನ್ನಡಿಯಿಂದ ಅವಳು ಬಿದ್ದ ಜಾಗದವರೆಗೆ ದಾರ ಎಳೆದರು. ದಾರ ಎಲ್ಲೂ ತಾಗಲಿಲ್ಲ. ಬರಿಯ ಗಾಳಿಯಲ್ಲಿ ನೇರ ನಿಂತಿತು. ಬಾಗಿಲ ಬಳಿ ನಿಂತಿದ್ದ ಡ್ರೈವರನನ್ನು ಕರೆದರು. ಅವನು ಆಗ ಮೂವತ್ತರ ಆಳು, ಅಂಗಿಯ ಕೊನೆಯ ಗುಂಡಿಯನ್ನೂ ಹಾಕಿಕೊಂಡು ಬಂದಿದ್ದ. "ಅಲ್ಲಿ ಏನೋ ಇತ್ತು ಸಾರ್, ಅಡ್ಡ" ಎಂದ. "ಎಲ್ಲಿ? ತೋರ್ಸು." ಡ್ರೈವರ್ ಬಾಗಿದ. ಬೆರಳು ಚಾಚಿದ, ಬೆರಳು ಖಾಲಿ ಸಿಮೆಂಟಿನ ಮೇಲೆ ಸುಳಿದಾಡಿತು. ಆಮೇಲೆ ತಲೆಯೆತ್ತಿ ಅಧಿಕಾರಿಯನ್ನಲ್ಲ, ಮ್ಯಾನೇಜರರನ್ನಲ್ಲ, ಮೂಲೆಯಲ್ಲಿ ನಿಂತಿದ್ದ ಇವನನ್ನು ನೋಡಿದ. ಆರೋಪಿಸುವ ನೋಟವಾಗಿದ್ದರೆ ಇವನು ತಡೆದುಕೊಳ್ಳುತ್ತಿದ್ದ. ಪಾಠ ಮರೆತ ವಿದ್ಯಾರ್ಥಿ ಮೇಷ್ಟರನ್ನು ನೋಡುವ ಹಾಗೆ ನೋಡಿದ್ದ. "ಇಲ್ಲ ಸಾರ್" ಎಂದ ಡ್ರೈವರ್, "ಏನೂ ಇರ್ಲಿಲ್ಲ ಅನ್ಸುತ್ತೆ." ಊಟದ ಹೊತ್ತಾಗಿದ್ದರಿಂದ ತಾವು ಕಂಡಿಲ್ಲ ಎಂದು ಇನ್ನಿಬ್ಬರು ಹೇಳಿದರು. ಅಷ್ಟಕ್ಕೆ ಮುಗಿಯಿತು. ಡ್ರೈವರನ ಕೆಲಸ ಹೋಯಿತು, ಲೈಸೆನ್ಸ್ ಹೋಯಿತು. ಮಾದರಿಯನ್ನು ಮ್ಯಾನೇಜರ್ ತಮ್ಮ ಕೋಣೆಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಬಂದವರಿಗೆಲ್ಲ ತೋರಿಸುತ್ತಿದ್ದರು. ಎರಡು ವರ್ಷ ಯಾರೂ ಇವನನ್ನು ಗೊಂಬೆ ಸಾಹೇಬ ಎನ್ನಲಿಲ್ಲ.

ಡ್ರೈವರ್ ಈಗ ಇಸ್ತ್ರಿ ಅಂಗಡಿ ಇಟ್ಟಿದ್ದಾನೆ ಎಂದು ವ್ಯಾನಿನ ಕಾವಲಿನವನೇ ಹೇಳಿದ್ದ. ಮನೆಯ ಮುಂಗೋಣೆಯೇ ಅಂಗಡಿ: ಉದ್ದನೆಯ ಮೇಜು, ಮಡಿಸಿದ ಅಂಗಿಗಳ ಗುಡ್ಡೆ, ಬಿಸಿ ಬಟ್ಟೆಯ ವಾಸನೆ. ಮೇಜಿನ ಹಿಂದಿದ್ದವನ ತಲೆ ಅರ್ಧ ನರೆತಿತ್ತು. ಇವನನ್ನು ಕಂಡು ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, "ಓಹೋ! ಡ್ರಾಯಿಂಗ್ ಸಾರ್! ಬನ್ನಿ ಬನ್ನಿ, ಒಳಗೆ ಬನ್ನಿ. ಏನಿದು ಹೊತ್ಕೊಂಡು? ಇಲ್ಲಿಡಿ, ಇಲ್ಲಿಡಿ" ಎಂದು ಅಂಗಿಗಳ ಗುಡ್ಡೆಯನ್ನು ಎರಡೂ ಕೈಯಲ್ಲಿ ಸರಿಸಿ ಜಾಗ ಮಾಡಿದ. ಈ ಸಂತೋಷಕ್ಕೆ ಇವನು ತಯಾರಾಗಿರಲಿಲ್ಲ. ಬಸ್ಸಿನಲ್ಲಿ ಜೋಡಿಸಿಕೊಂಡ ಮಾತೆಲ್ಲ ಬೈಗುಳಕ್ಕೆ ಉತ್ತರವಾಗಿದ್ದವು.

ಹೊದಿಕೆ ಬಿಚ್ಚಿದಾಗ ಡ್ರೈವರ್ ಮಗುವಿನ ಹಾಗೆ ಬಾಗಿದ. "ಇದೇ ಅಲ್ವಾ? ಅಯ್ಯೋ, ನನ್ನ ಗಾಡಿ! ಬಾರೇ ಇಲ್ಲಿ, ನೋಡು. ನಾ ಹೇಳ್ತಿರ್ಲಿಲ್ವಾ, ಎಡಗಡೆ ಬಾಗಿಲು ನೆಗ್ಗಿತ್ತು ಅಂತ? ನೋಡು, ಆ ನೆಗ್ಗನ್ನೂ ಮಾಡಿದಾರೆ." ಅವನ ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದಳು. ಅವಳು ಲಾರಿಯನ್ನು ನೋಡಲಿಲ್ಲ. ಇವನನ್ನು ನೋಡಿದಳು. "ಇದನ್ನ ಯಾಕೆ ತಂದ್ರಿ?" ಎಂದಳು.

ಇವನು ಬಿಸ್ಕತ್ತಿನ ಡಬ್ಬಿ ತೆರೆದ. ಚಿಮುಟದಿಂದ ಒಂದೊಂದನ್ನೇ ಎತ್ತಿ ಗೋದಾಮಿನ ಬಲಬದಿಗೆ ಇಡತೊಡಗಿದ. ಉದ್ದಕ್ಕೆ ಐದು. ಅಗಲಕ್ಕೆ ಎರಡು. ಎರಡನೆಯ ಸಾಲು ಏರುವ ಹೊತ್ತಿಗೆ ಡ್ರೈವರನ ನಗು ನಿಂತಿತ್ತು. ಮೂರನೆಯದೂ ಮುಗಿಯಿತು. ಹುಲ್ಲಿನ ಎಳೆ, ಬಿರುಕು, ಚಕ್ರದ ಗುರುತು ಎಲ್ಲ ಮುಚ್ಚಿಹೋದವು.

"ಇವು ಇದ್ವು" ಎಂದ ಇವನು. "ನಾನು ಅಳೆದಿದ್ದೆ. ಮಾಡಿಯೂ ಇದ್ದೆ. ಮ್ಯಾನೇಜರ್ ಬೇಡ ಅಂದ್ರು, ತೆಗೆದುಬಿಟ್ಟೆ. ಅವತ್ತು ನೀವು ನನ್ನ ಕಡೆ ನೋಡಿದ್ರಿ. ನಾನು ಬಾಯಿ ಬಿಡಲಿಲ್ಲ."

ಡ್ರೈವರ್ ಲಾರಿಯ ಕಡೆಗೆ ಸರಿದ. ಮಂಡಿಯೂರಿ, ಕೆನ್ನೆಯನ್ನು ಮೇಜಿಗೆ ತಾಗಿಸಿ, ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಲಾರಿಯ ಕನ್ನಡಿಯ ಮಟ್ಟಕ್ಕೆ ತಂದು ನೋಡಿದ. "ತೆಗೀರಿ" ಎಂದ. ಇವನು ಅಡ್ಡವಾಗಿದ್ದ ಸಾಲನ್ನು ತೆಗೆದ. "ಇಡಿ." ಇಟ್ಟ. "ತೆಗೀರಿ." ತೆಗೆದ. "ಇಡಿ." ಇವನ ಬೆರಳುಗಳು ಬೆವರಿ ಬಂಡಲ್ಲಿನ ಬಣ್ಣ ಅಂಟುತ್ತಿತ್ತು. ಹೊರಗೆ ಯಾರೋ ಬಂದು "ಬಟ್ಟೆ ಆಯ್ತಾ?" ಎಂದರು. ಡ್ರೈವರನ ಹೆಂಡತಿ "ಆಮೇಲೆ ಬನ್ನಿ" ಎಂದು ಕಳಿಸಿದಳು.

"ಕಂದು ಬಣ್ಣದ್ದು ಏನೋ ಅಂತ ತಲೇಲಿತ್ತು" ಎಂದ ಡ್ರೈವರ್, ಕೆನ್ನೆಯನ್ನು ಮೇಜಿನಿಂದ ಎತ್ತದೆ. "ಕನ್ನಡೀಲಿ ಪೂರ್ತಿ ಕಂದು. ನಿಧಾನಕ್ಕೇ ಬರ್ತಿದ್ದೆ ಸಾರ್. ಅವತ್ತು ಹೇಳೋಣ ಅಂತಾನೇ ಬಂದಿದ್ದೆ. ನಿಮ್ಮ ಇದನ್ನ ನೋಡ್ದೆ. ನನ್ನ ಗಾಡಿ ಬಾಗಿಲಿನ ನೆಗ್ಗು ಇತ್ತು, ನಲ್ಲಿ ಸೋರ್ತಿತ್ತು. ಒಂದು ಹುಲ್ಲುಕಡ್ಡೀನೂ ಬಿಟ್ಟಿರ್ಲಿಲ್ಲ ನೀವು. ಹುಲ್ಲು ನೆನಪಿಟ್ಕೊಂಡ ಮನುಷ್ಯ ಅಷ್ಟು ದೊಡ್ಡ ರಾಶೀನ ಮರೀತಾನಾ ಅನ್ನಿಸ್ತು. ಹಾಗಾದ್ರೆ ನನ್ನ ತಲೇನೇ ಸುಳ್ಳು ಹುಟ್ಟಿಸ್ತಿದೆ, ತಪ್ಪಿಸ್ಕೊಳ್ಳೋಕೆ ಅಂದ್ಕೊಂಡೆ."

ಇವನು ಹದಿನಾಲ್ಕು ವರ್ಷ ಲೆಕ್ಕ ಹಾಕಿದ್ದು ಒಂದು ಕೆಲಸವನ್ನು, ಒಂದು ಲೈಸೆನ್ಸನ್ನು. ಡ್ರೈವರ್ ತನ್ನನ್ನು ಶಪಿಸುತ್ತಿರಬಹುದು ಎಂದುಕೊಂಡಿದ್ದ. ಆ ಶಾಪದಲ್ಲಿ ಏನೋ ನೆಮ್ಮದಿಯಿತ್ತು. ಆದರೆ ಡ್ರೈವರ್ ಇವನನ್ನು ನಂಬಿದ್ದ. ತನ್ನ ಸ್ವಂತ ಕಣ್ಣಿಗಿಂತ ಹೆಚ್ಚು ನಂಬಿದ್ದ.

"ಇವರು ಸೈಕಲ್ಲನ್ನೂ ಮುಟ್ಟಲಿಲ್ಲ ಆಮೇಲೆ" ಎಂದಳು ಹೆಂಡತಿ. ಅವಳ ದನಿಯಲ್ಲಿ ಕೋಪವಿರಲಿಲ್ಲ, ಬಟ್ಟೆ ಎಣಿಸುವವರ ಹಾಗೆ ಹೇಳಿದಳು. "ಮಗಳು ಹುಟ್ಟಿದಾಗ ಎತ್ಕೊಳ್ಳೋಕೆ ಹೆದರ್ತಿದ್ರು. ನನ್ನ ಕೈಯಿಂದ ಏನಾದ್ರೂ ಆಗಿಬಿಟ್ರೆ ಅನ್ನೋರು. ನಾನು ಬೈತಿದ್ದೆ. ಬೈದೆ ಸಾರ್, ನೀನು ನೋಡ್ಕೊಂಡು ಓಡಿಸಿದ್ರೆ ಹೀಗಾಗ್ತಿತ್ತಾ ಅಂತ. ಎಷ್ಟು ಸಲ ಅಂದಿದೀನಿ."

ಡ್ರೈವರ್ ಎದ್ದು ನಿಂತ. ಕೆನ್ನೆಯ ಮೇಲೆ ಮೇಜಿನ ಬಟ್ಟೆಯ ನೆರಿಗೆ ಮೂಡಿತ್ತು. "ನಾನು ಕಾಗದದಕ್ಕನ ಅಮ್ಮನ ಕಾಲು ಹಿಡ್ಕೊಂಡಿದ್ದೆ" ಎಂದ. "ನಾಲ್ಕು ವರ್ಷ ಹೋದೆ. ಬಾಗಿಲೇ ತೆಗೀತಿರ್ಲಿಲ್ಲ. ಐದನೇ ವರ್ಷ ಆ ಅಜ್ಜಿ ತಲೆ ಮೇಲೆ ಕೈಯಿಟ್ಟು, ಹೋಗ್ಲಿ ಬಿಡಪ್ಪ, ಬೇಕಂತ ಮಾಡ್ದೋನಲ್ಲ ನೀನು ಅಂತು. ಮಗಳು ಹೋಗಿದ್ದೇ ಅವರಿಗೆ ಅಷ್ಟು ಕಷ್ಟ ಆಗಿತ್ತು ಸಾರ್, ಕ್ಷಮಿಸೋದು ಅದಕ್ಕಿಂತ ಕಷ್ಟ. ಆ ಕ್ಷಮೇನ ನಾನು ಇಸ್ಕೊಂಡುಬಿಟ್ಟೆ. ಈಗ ನೋಡಿದ್ರೆ ಅದು ನಂದಲ್ಲ. ನಿಮಗೆ ಕೊಡೋಣ ಅಂದ್ರೆ ಕೊಡೋಕೆ ಬರುತ್ತಾ? ಅಜ್ಜಿ ಹೋಗಿ ಎರಡು ವರ್ಷ ಆಯ್ತು."

ಇವನು "ನಾನು ಬರೆದುಕೊಡ್ತೀನಿ" ಎಂದ. "ಯಾರಿಗೆ ಬೇಕಾದ್ರೂ. ಕಾರ್ಖಾನೆಗೆ, ಆ ಅಧಿಕಾರಿಗೆ." ಹೇಳುತ್ತಿರುವಾಗಲೇ ಮಾತು ಎಷ್ಟು ಸಣ್ಣದು ಎಂದು ತಿಳಿಯಿತು. ಮ್ಯಾನೇಜರ್ ತೀರಿಕೊಂಡಿದ್ದರು. ಅಧಿಕಾರಿ ಎಲ್ಲಿದ್ದಾರೋ. ಕ್ಷಮಿಸಿ ಎನ್ನುವ ಪದ ಬಾಯಲ್ಲಿ ಉರುಳುತ್ತಿತ್ತು, ಆದರೆ ಇದೀಗ ಆ ಪದದ ಬಗ್ಗೆ ಕೇಳಿದ ಮೇಲೆ ಅದನ್ನು ಹೊರಗೆ ತರಲು ನಾಚಿಕೆಯಾಯಿತು.

"ಬರ್ದು ಏನ್ ಮಾಡ್ತೀರಿ" ಎಂದ ಡ್ರೈವರ್. "ಕಾಗದದಕ್ಕನ ಮಗಳಿದಾಳೆ. ಈ ಬೀದಿ ಕೊನೇಲಿ ಹೊಲಿಗೆ ಅಂಗಡೀಲಿ ಕೆಲಸ. ಅವಳಮ್ಮ ಹೋದಾಗ ಆರು ವರ್ಷ. ನನ್ನನ್ನ ಮಾಮ ಅಂತಾಳೆ. ಮಾಮ ಅನ್ನೋವಾಗಲೆಲ್ಲ ನಂಗೆ ಒಳಗೆ ಏನಾಗುತ್ತೆ ಅಂತ ಯಾರಿಗೂ ಹೇಳಿಲ್ಲ. ಬನ್ನಿ. ಅವಳಿಗೆ ತೋರ್ಸೋಣ."

"ನಾನಾ? ಈಗಲೇ?"

"ಇನ್ಯಾವಾಗ?"

ಡ್ರೈವರನ ಹೆಂಡತಿ ಬಂಡಲ್ಲುಗಳ ಮೇಲೆ ಅಂಗೈ ಅಡ್ಡ ಹಿಡಿದು, ಬೀಳದ ಹಾಗೆ ಇಸ್ತ್ರಿ ಮಾಡಿದ ಒಂದು ಟವೆಲನ್ನು ಸುತ್ತ ಒತ್ತರಿಸಿಟ್ಟಳು. ಅವಳು ಬರುವುದಿಲ್ಲ ಎಂದಳು. ಇದು ನಿಮ್ಮಿಬ್ಬರ ಕೆಲಸ ಎಂದಳು. ಹಲಗೆಯ ಒಂದು ತುದಿಯನ್ನು ಡ್ರೈವರ್ ಹಿಡಿದ, ಇನ್ನೊಂದನ್ನು ಇವನು. ಅಂಗಡಿಯ ಬಾಗಿಲು ಕಿರಿದು, ಬೀದಿಯೂ ಕಿರಿದು, ಇಬ್ಬರಲ್ಲಿ ಒಬ್ಬರು ಹಿಂದೆ ಹಿಂದೆ ನಡೆಯಲೇಬೇಕು. ಡ್ರೈವರ್ ತಾನಾಗಿ ಬೀದಿಗೆ ಬೆನ್ನು ಮಾಡಿದ. ಹೊಸ್ತಿಲ ಮೇಲೆ ಒಂದು ಗಳಿಗೆ ನಿಂತ.

"ನಂಗೆ ಹಿಂದೆ ಕಾಣಲ್ಲ" ಎಂದ. "ಏನಿದೆ ಅಂತ ನೀವೇ ಹೇಳ್ಬೇಕು."

"ಮೆಟ್ಟಿಲು" ಎಂದ ಇವನು.

"ಜೋರಾಗಿ ಹೇಳಿ."

"ಮೆಟ್ಟಿಲಿದೆ. ಒಂದೇ. ಇಳೀರಿ. ಹಾಂ." ಬಿಸಿಲು ಹಲಗೆಯ ಮೇಲೆ ಬಿದ್ದು ಗೋದಾಮಿನ ತಗಡು ಹೊಳೆಯಿತು. "ಎಡಗಡೆ ಸೈಕಲ್ ನಿಲ್ಲಿಸಿದಾರೆ. ಸ್ವಲ್ಪ ಬಲಕ್ಕೆ ಬನ್ನಿ. ಇನ್ನೂ ಸ್ವಲ್ಪ. ಈಗ ಖಾಲಿ ಇದೆ. ಕಲ್ಲಿದೆ, ಕಾಲೆತ್ತಿ ಇಡಿ. ಚರಂಡಿ ಚಪ್ಪಡಿ ಒಡೆದಿದೆ, ಅದರ ಮೇಲೆ ಬೇಡ." ಗೊತ್ತಿಲ್ಲದ ಬೀದಿಯ ಪ್ರತಿಯೊಂದು ವಸ್ತುವನ್ನೂ ಇವನು ಹೆಸರಿಸುತ್ತ ಹೋದ. ಡ್ರೈವರ್ ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ. ಇವನ ಬಾಯನ್ನೇ ನೋಡುತ್ತ, ಹೆಜ್ಜೆ ಹೆಜ್ಜೆಯಾಗಿ, ಹೇಳಿದಲ್ಲಿ ಕಾಲಿಡುತ್ತ ಬಂದ. ಬೀದಿಯ ಕೊನೆಯಲ್ಲಿ ಹೊಲಿಗೆ ಯಂತ್ರದ ಸದ್ದು ನಿಂತಿತು. ಕತ್ತಿಗೆ ಅಳತೆಯ ಟೇಪು ಹಾಕಿಕೊಂಡ ಹುಡುಗಿಯೊಬ್ಬಳು, ಮಾಮ ಏನು ಹೊತ್ತುಕೊಂಡು ಬರುತ್ತಿದ್ದಾನೆ ಎಂದು ನೋಡಲು, ನಗುತ್ತ ಅಂಗಡಿಯಿಂದ ಬೀದಿಗೆ ಇಳಿದು ಅವನ ಬೆನ್ನ ಹಿಂದೆಯೇ ಬಂದು ನಿಂತಳು.

"ನಿಲ್ಲಿ" ಎಂದ ಇವನು, ಬೀದಿಗೆಲ್ಲ ಕೇಳುವ ಹಾಗೆ. "ನಿಮ್ಮ ಹಿಂದೆ ಅವಳಿದಾಳೆ."